ಪುಸ್ತಕದ ಗಂಟು ಹೊತ್ತವರು

ಕಾದಂಬರಿ ಬರೆಯುವವರಿಗೆ ತಪ್ಪದೆ ಎದುರಾಗುವ ಒಂದು ಪ್ರಶ್ನೆ ಇದೆ: ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನಾನು ಪ್ರತಿ ಸಲ ಏನೋ ಒಂದು ಹೇಳಿ ಪಾರಾಗಿದ್ದೇನೆ. ಒಂದು ಸಭೆಯಲ್ಲಿ ಹೇಳಿದ್ದಕ್ಕೂ ಇನ್ನೊಂದು ಸಭೆಯಲ್ಲಿ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಅದರ ಬದಲು ಯಾರಾದರೂ, "ನೀವು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಬರೆದ ಹಾಳೆಯನ್ನು ಮೊದಲು ಯಾರ ಕೈಗೆ ಕೊಡುತ್ತೀರಿ, ಹೋದ ವರ್ಷ ಎಷ್ಟು ಪುಟ ಹರಿದು ಹಾಕಿದಿರಿ" ಎಂದು ಕೇಳಿದ್ದರೆ ನಾನು ಒಂದು ಸುಳ್ಳೂ ಹೇಳಬೇಕಾಗುತ್ತಿರಲಿಲ್ಲ. ಇವತ್ತು ಯಾರೂ ಕೇಳದಿದ್ದರೂ ಅದನ್ನೇ ಹೇಳುತ್ತೇನೆ. ನನ್ನದು ಸ್ವಲ್ಪ, ನನಗಿಂತ ದೊಡ್ಡವರದು ಹೆಚ್ಚು.

ಗಳಗನಾಥರಿಂದ ಶುರು ಮಾಡೋಣ. ವೆಂಕಟೇಶ ತಿರಕೋ ಕುಲಕರ್ಣಿ ಎಂದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಕ್ಕಿಲ್ಲ, ಗಳಗನಾಥ ಎಂದರೆ ಗೊತ್ತಾಗುತ್ತದೆ. 1869ರಲ್ಲಿ ಹುಟ್ಟಿದವರು, 1942ರಲ್ಲಿ ತೀರಿಕೊಂಡವರು. ವೃತ್ತಿಯಿಂದ ಶಾಲಾ ಮೇಷ್ಟ್ರು. 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು, ಸಾಲುಸಾಲಾಗಿ ಐತಿಹಾಸಿಕ ಕಾದಂಬರಿಗಳನ್ನು ಬರೆದರು. ಅವರು ಬದುಕಿದ್ದ ಸೀಮೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಓದು ಬರಹ ಎಂದರೆ ಮರಾಠಿ ಎಂಬ ಕಾಲ. ಕನ್ನಡದಲ್ಲಿ ಕಾದಂಬರಿ ಬರೆದರೆ ಕೊಳ್ಳುವವರು ಎಲ್ಲಿದ್ದಾರೆ? ಅಂಗಡಿಯಲ್ಲಿಟ್ಟು ಕಾಯುವ ಮಾತೇ ಇರಲಿಲ್ಲ. ಬರೆದವರೇ ಪುಸ್ತಕದ ಗಂಟು ಕಟ್ಟಿ, ಹೊತ್ತುಕೊಂಡು ಊರೂರು ತಿರುಗಿ ಮಾರಿದರು.

ಈ ಕಥೆಯನ್ನು ನಮ್ಮಲ್ಲಿ ಕಣ್ಣೀರು ತುಂಬಿಕೊಂಡು ಹೇಳುವ ರೂಢಿ ಇದೆ. ಎಂಥ ತ್ಯಾಗ, ಎಂಥ ಕನ್ನಡಾಭಿಮಾನ ಎಂದು. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ನನಗೆ ಅವರ ಬಗ್ಗೆ ಹೊಟ್ಟೆಕಿಚ್ಚು. ಯಾಕೆಂದು ಹೇಳುತ್ತೇನೆ. ಪುಸ್ತಕಕ್ಕೆ ಭಾರ ಇದೆ ಎಂಬುದು ಅವರ ಮೈಗೆ ಗೊತ್ತಿತ್ತು. ಇನ್ನೂರು ಪುಟ ಬರೆದರೆ ಒಂದು ಭಾರ, ನಾನೂರು ಬರೆದರೆ ಇನ್ನೊಂದು. ನಾನು ಒಂದು ಅಧ್ಯಾಯ ಸುಮ್ಮನೆ ಎಳೆದರೆ ಅದನ್ನು ಹೊರುವವರು ಯಾರೋ ಲಾರಿಯವರು, ನನಗೆ ಏನೂ ಆಗುವುದಿಲ್ಲ. ಎರಡನೆಯದು, ಕೊಳ್ಳುವವರ ಮುಖ ಅವರ ಕಣ್ಣೆದುರಿಗೇ ಇತ್ತು. ಜಗಲಿಯ ಮೇಲೆ ಗಂಟು ಬಿಚ್ಚಿ ಕೂತಾಗ ಮನೆಯವರು ಪುಸ್ತಕವನ್ನು ತೆಗೆದು, ಎಲ್ಲೋ ಒಂದು ಪುಟ ತೆರೆದು, ನಾಲ್ಕು ಸಾಲು ಓದಿ, ಮುಂದಿನ ಪುಟ ತಿರುವುತ್ತಾರೋ ಮುಚ್ಚಿಡುತ್ತಾರೋ ಎಂದು ನೋಡುವ ಭಾಗ್ಯ ಎಷ್ಟು ಜನ ಕಾದಂಬರಿಕಾರರಿಗೆ ಸಿಕ್ಕಿದೆ? ಆ ನಾಲ್ಕು ಸಾಲಿನ ಪರೀಕ್ಷೆಗಿಂತ ದೊಡ್ಡ ವಿಮರ್ಶೆ ಇಲ್ಲ. ಗಳಗನಾಥರ ಎಷ್ಟೋ ಕೃತಿಗಳು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಆಧರಿಸಿದವು ಎಂದು ಪಂಡಿತರು ಆಕ್ಷೇಪಿಸುವುದುಂಟು. ಆಗಲಿ. ಜಗಲಿಯ ಮೇಲಿನ ಆ ಓದುಗರಿಗೆ ತಮ್ಮ ಭಾಷೆಯಲ್ಲಿ ಒಂದು ಕಥೆ ಓಡಬಲ್ಲದು ಎಂದು ತೋರಿಸಿಕೊಟ್ಟವರು ಇವರು.

ಅವರ ಆಸುಪಾಸಿನವರನ್ನೂ ನೋಡಿ. ಬಿ. ವೆಂಕಟಾಚಾರ್ಯರು ಮುನ್ಸೀಫರಾಗಿದ್ದರು. ಬಂಕಿಮಚಂದ್ರರನ್ನು ಕನ್ನಡಕ್ಕೆ ತರಬೇಕೆಂದು ಬಂಗಾಳಿ ಕಲಿತರು. ಕಲಿಯುವುದಕ್ಕೆ ಈಗಿನ ಹಾಗೆ ಯಾವ ಅನುಕೂಲವೂ ಇರಲಿಲ್ಲ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ 'ಇಂದಿರಾಬಾಯಿ'ಯನ್ನು 1899ರಲ್ಲಿ ಹೊರತಂದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಮೇಷ್ಟ್ರು, ಮುನ್ಸೀಫ, ಪೊಲೀಸ್. ನಮ್ಮ ಕಾದಂಬರಿ ಹುಟ್ಟಿದ್ದೇ ಕೆಲಸ ಮುಗಿಸಿ ಮನೆಗೆ ಬಂದವರ ಕೈಯಲ್ಲಿ. ಆದ್ದರಿಂದ "ನನಗೆ ಆಫೀಸು, ಟೈಮಿಲ್ಲ ಸಾರ್, ಇಲ್ಲದಿದ್ದರೆ ನಾನೂ ಒಂದು ಕಾದಂಬರಿ ಬರೆಯುತ್ತಿದ್ದೆ" ಎಂದು ಯಾರಾದರೂ ಹೇಳಿದಾಗ ನಾನು ನಗುತ್ತೇನೆ ಅಷ್ಟೆ, ಏನೂ ಹೇಳುವುದಿಲ್ಲ.

ಟೈಮಿನ ಮಾತು ಬಂದಿತು, ಒಬ್ಬ ಇಂಗ್ಲಿಷ್ ಕಾದಂಬರಿಕಾರನ ಕಥೆ ಹೇಳಲೇಬೇಕು. ಆಂಟನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ಅಧಿಕಾರಿ. ಬ್ರಿಟನ್ನಿನಲ್ಲಿ ಬೀದಿಯ ಅಂಚೆ ಪೆಟ್ಟಿಗೆ ಬರುವುದರಲ್ಲಿ ಈತನ ಕೈ ದೊಡ್ಡದು. ಬೆಳಗಿನ ಜಾವ ಐದೂವರೆಗೆ ಮೇಜಿನ ಮುಂದೆ ಕೂತಿರಬೇಕು ಎಂಬುದು ಈತನ ನೇಮ. ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಕುದುರೆ ನೋಡಿಕೊಳ್ಳುವ ಮುದುಕನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಸಂಬಳ. ಗಡಿಯಾರವನ್ನು ಎದುರಿಗೆ ಇಟ್ಟುಕೊಂಡು ಕಾಲು ಗಂಟೆಗೆ 250 ಪದ. ಮೂರು ಗಂಟೆ ಬರೆದು, ಎದ್ದು, ತಿಂಡಿಗೆ ಕೂತು, ಆಫೀಸಿಗೆ. ಒಂದು ಕಾದಂಬರಿ ಮುಗಿಸಿದ ಮರುದಿನವೇ ಇನ್ನೊಂದನ್ನು ಶುರು ಮಾಡಿದ್ದೂ ಉಂಟು. ಒಟ್ಟು 47 ಕಾದಂಬರಿ.

ಟ್ರಾಲಪ್ ಇದನ್ನೆಲ್ಲ ಮುಚ್ಚಿಡಲಿಲ್ಲ, ಆತ್ಮಕಥೆಯಲ್ಲಿ ಲೆಕ್ಕದ ಪುಸ್ತಕದ ಹಾಗೆ ಬರೆದಿಟ್ಟ. ಸತ್ತ ಮರುವರ್ಷ, 1883ರಲ್ಲಿ, ಅದು ಅಚ್ಚಾಯಿತು. ಓದಿದವರು ಮುಖ ಸಿಂಡರಿಸಿದರು. ಇದೇನು, ಚಮ್ಮಾರನ ಹಾಗೆ ಗಡಿಯಾರ ನೋಡಿ ಕೆಲಸ ಮಾಡುವವನನ್ನು ಕಲಾವಿದ ಎನ್ನುವುದೇ? ಬಹಳ ಕಾಲ ಆತನ ಹೆಸರು ಕುಂದಿತ್ತು. ನಮ್ಮ ಊರಿನಲ್ಲಾದರೆ ಈ ತಪ್ಪು ಯಾರೂ ಮಾಡುವುದಿಲ್ಲ. "ಯಾವುದೋ ಶಕ್ತಿ ನನ್ನ ಕೈಯಿಂದ ಬರೆಸಿತು" ಎಂದುಬಿಡುತ್ತೇವೆ.

ಇನ್ನೊಂದು ತಮಾಷೆ. ನಮ್ಮ ಶಿವರಾಮ ಕಾರಂತರು ಬರೆದ ಕಾದಂಬರಿಗಳೂ 47. ಕಾರಂತರದು ಅಂಚೆ ಇಲಾಖೆಯ ನೌಕರಿಯಲ್ಲ. ಯಕ್ಷಗಾನ, ನಾಟಕ, ಮಕ್ಕಳಿಗೆ ವಿಶ್ವಕೋಶ, ನಿಘಂಟು, ತಿರುಗಾಟ, ಚುನಾವಣೆ, ಜಗಳ, ಎಲ್ಲದರ ನಡುವೆ 47. ಈ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರೆ ಒಂದು ಗಂಟೆ ಮಾತಾಡುತ್ತಿದ್ದರೋ, ಐದು ನಿಮಿಷಕ್ಕೆ ಎದ್ದು ಹೋಗುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎದ್ದು ಹೋಗುತ್ತಿದ್ದರು ಅನ್ನಿಸುತ್ತದೆ, ಇಬ್ಬರಿಗೂ ಕೆಲಸ ಇತ್ತು.

ಟ್ರಾಲಪ್ ಕಥೆ ಓದಿದ ಹೊಸತರಲ್ಲಿ ನಾನೂ ಲೆಕ್ಕ ಇಡಲು ಹೊರಟೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಕೆಳಗೆ ಪುಟದ ಸಂಖ್ಯೆ. ಮೂರು, ಎರಡು, ನಾಲ್ಕು, ಮೂರು. ಗೆಳೆಯರಿಗೆಲ್ಲ ತೋರಿಸಿಕೊಂಡು ಮೆರೆದೆ. ಐದು ತಿಂಗಳಿಗೆ ಮುನ್ನೂರು ಪುಟ ದಾಟಿತು. ಒಂದು ಭಾನುವಾರ ಮೊದಲಿಂದ ಓದಲು ಕೂತೆ. ನೂರಾ ನಲವತ್ತನೇ ಪುಟದ ಹೊತ್ತಿಗೆ ಕಥೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಜನ ಬರುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಕ್ಯಾಲೆಂಡರಿನ ಹೊಟ್ಟೆ ತುಂಬಿಸಲು ನಾನು ಅವರನ್ನು ಮನೆಯೊಳಗೆ ಕರೆದಿದ್ದೆ. ಆ ನೂರಾ ಅರವತ್ತು ಪುಟವೂ ಹೋಯಿತು. ಟ್ರಾಲಪ್ ಹೇಳಿದ್ದನ್ನು ಸರಿಯಾಗಿ ಓದಿಕೊಂಡಿರಲಿಲ್ಲ ನಾನು. ಆತ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹೊಸದೇನೂ ಬರೆಯುತ್ತಿರಲಿಲ್ಲ, ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ. 250ರ ಲೆಕ್ಕ ನನ್ನ ಕಣ್ಣಿಗೆ ಬಿದ್ದಿತ್ತು, ಆ ಅರ್ಧ ಗಂಟೆ ಬಿದ್ದಿರಲಿಲ್ಲ. ಈಗ ಕ್ಯಾಲೆಂಡರಿನಲ್ಲಿ ಏನೂ ಬರೆಯುವುದಿಲ್ಲ. ಆದರೆ ಅರ್ಧ ಗಂಟೆ ಓದು ಬಿಟ್ಟಿಲ್ಲ.

ಓದು ಎಂದಾಗ ಒಂದು ವಿಷಯ. ಕಾದಂಬರಿ ಬರೆಯುವವನ ಓದು ನಿಮ್ಮ ಓದಿನ ಹಾಗೆ ಇರುವುದಿಲ್ಲ. ಬಡಗಿಯೊಬ್ಬ ಇನ್ನೊಬ್ಬ ಬಡಗಿಯ ಮನೆಗೆ ಊಟಕ್ಕೆ ಹೋದ ಹಾಗೆ ಅದು. ಊಟ ಚೆನ್ನಾಗಿದೆ ಅನ್ನುತ್ತಾನೆ, ಕಣ್ಣು ಮಾತ್ರ ಬಾಗಿಲವಾಡದ ಕೂಡಿನ ಮೇಲೆ. ನನ್ನ ದೊಡ್ಡ ಕಷ್ಟ ಬಾಗಿಲದೇ. ಒಂದು ಪಾತ್ರವನ್ನು ಕೋಣೆಯೊಳಗೆ ತರುವುದು, ಮಾತು ಮುಗಿದ ಮೇಲೆ ಹೊರಗೆ ಕಳಿಸುವುದು. ನಗಬೇಡಿ, ಬರೆದು ನೋಡಿ ಗೊತ್ತಾಗುತ್ತದೆ. "ಅಷ್ಟರಲ್ಲಿ ಅವನು ಬಂದನು" ಎಂದು ಎಷ್ಟು ಸಲ ಬರೆಯುತ್ತೀರಿ? ಒಂದು ಪುಸ್ತಕದಲ್ಲಿ ಎರಡು ಸಲ ಬರೆಯಬಹುದು, ಮೂರನೆಯ ಸಲ ಓದುಗನಿಗೆ ದಾರ ಎಳೆಯುವ ಕೈ ಕಾಣಿಸುತ್ತದೆ. ಒಂದು ಮಳೆಗಾಲ ಪೂರ್ತಿ ನಾನು ಸಿಕ್ಕ ಕಾದಂಬರಿಗಳನ್ನೆಲ್ಲ ಬಾಗಿಲಿಗೋಸ್ಕರ ಓದಿದ್ದೇನೆ, ಕಥೆ ಏನೆಂದು ಈಗ ಕೇಳಿದರೆ ಹೇಳಲಾರೆ.

ಹೀಗೆ ಒಂದೇ ಎಳೆ ಹಿಡಿದು ಓದುವ ಚಾಳಿ ಹತ್ತಿದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದುವಾಗ. 1967ರ ಪುಸ್ತಕ. ಮೊದಲ ಓದಿನಲ್ಲಿ ನನಗೆ ದಾರಿಯೇ ತಪ್ಪಿತು. ಅಷ್ಟು ಜನ, ಅಷ್ಟು ಮನೆ, ಅಷ್ಟು ಹಾದಿ. ಎರಡನೆಯ ಸಲ ಒಂದು ಉಪಾಯ ಮಾಡಿದೆ: ನಾಯಿಗುತ್ತಿಯ ನಾಯಿ ಹುಲಿಯನನ್ನು ಮಾತ್ರ ಹಿಂಬಾಲಿಸಿದೆ. ಹುಲಿಯ ಎಲ್ಲಿ ಮೂಸುತ್ತಾನೆ, ಎಲ್ಲಿ ಬೊಗಳುತ್ತಾನೆ, ಗುತ್ತಿಗಿಂತ ಮುಂದೆ ಹೋಗುತ್ತಾನೋ ಹಿಂದೆ ಬರುತ್ತಾನೋ. ಕಾಡಿನ ಹಾದಿಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದು ನಾಯಿಯ ಹಿಂದೆ ನಡೆದಾಗ ತಿಳಿಯಿತು. ಕೊನೆಯಲ್ಲಿ ತುಂಗೆಯ ಪ್ರವಾಹ ಅದನ್ನು ಒಯ್ಯುವಾಗ, ಮೊದಲ ಓದಿನಲ್ಲಿ ಅಲುಗದಿದ್ದ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಒಂದು ನಾಯಿಗೆ ಇಷ್ಟು ಪುಟಗಳ ಉದ್ದಕ್ಕೂ ಗಮನ ಕೊಟ್ಟು ಬರೆದವರು, ಆ ಗಮನ ನಮಗೆ ತಿಳಿಯದ ಹಾಗೆ ಬರೆದಿದ್ದರು.

ಕಾರಂತರ 'ಚೋಮನ ದುಡಿ'ಯನ್ನು ಹೀಗೇ ದುಡಿಯ ಸದ್ದಿಗಾಗಿ ಓದಿ. ತನ್ನದೊಂದು ಹೊಲ ಉಳಬೇಕೆಂಬ ಚೋಮನ ಆಸೆ ನಮಗೆಲ್ಲ ಗೊತ್ತು. ಅವನ ಜಾತಿಯವನಿಗೆ ಅದು ಸಲ್ಲದೆಂಬುದೂ ಗೊತ್ತು. ಆದರೆ ಚೋಮ ಉದ್ದುದ್ದ ಮಾತಾಡುವವನಲ್ಲ. ಸಿಟ್ಟು, ದುಃಖ, ಕುಡಿದ ಖುಷಿ, ಎಲ್ಲಕ್ಕೂ ದುಡಿ ಇದೆ. ಬೇರೆ ಯಾರಾದರೂ ಬರೆದಿದ್ದರೆ ಅವನ ಬಾಯಲ್ಲಿ ಎರಡು ಪುಟದ ಭಾಷಣ ಇಡುತ್ತಿದ್ದರು. ಕಾರಂತರಿಗೆ ಆಗ ಮೂವತ್ತೊಂದು ವರ್ಷ, ಪುಸ್ತಕ 1933ರದು. ಆ ವಯಸ್ಸಿನಲ್ಲಿ ಪಾತ್ರದ ಬಾಯಿ ಮುಚ್ಚಿಸಿ ಕೈಗೆ ಚರ್ಮವಾದ್ಯ ಕೊಡುವ ಧೈರ್ಯ ನನಗಂತೂ ಇರಲಿಲ್ಲ. ನನ್ನ ಮೊದಲ ಕಾದಂಬರಿಯಲ್ಲಿ ಎಲ್ಲರೂ ಭಾಷಣ ಮಾಡುತ್ತಾರೆ, ಒಂದು ಎಮ್ಮೆಯನ್ನು ಬಿಟ್ಟು.

ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಲೈಬ್ರರಿಯ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆಯುವವರನ್ನು ಬೈಯುವುದು ವಾಡಿಕೆ, ನಾನೂ ಬೈದವನೇ. ಆದರೆ ಒಮ್ಮೆ ಒಂದು ಹಳೆಯ ಕಾದಂಬರಿಯಲ್ಲಿ ನನಗಿಂತ ಮೊದಲು ಓದಿದ ಯಾರೋ ಒಬ್ಬರು ನಾಯಕನ ವೀರಾವೇಶದ ಮಾತುಗಳನ್ನೆಲ್ಲ ಬಿಟ್ಟು, ಅಡುಗೆಮನೆಯಲ್ಲಿ ಹೆಂಗಸರು ಆಡುವ ಸಣ್ಣ ಸಣ್ಣ ಮಾತಿಗೆ ಮಾತ್ರ ಗೆರೆ ಎಳೆದಿದ್ದರು. ಪುಸ್ತಕದ ಕೊನೆಯವರೆಗೂ ಹಾಗೇ. ಯಾರು ಅವರು? ಹೆಂಗಸೇ ಇರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡೆ, ಇರಲಿಕ್ಕಿಲ್ಲ ಕೂಡ. ಆ ಗೆರೆಗಳನ್ನು ಅನುಸರಿಸಿ ಓದಿದಾಗ ಅದೇ ಕಾದಂಬರಿಯೊಳಗೆ ಬೇರೆ ಕಾದಂಬರಿ ಇತ್ತು, ಬರೆದವರಿಗೂ ಗೊತ್ತಿತ್ತೋ ಇಲ್ಲವೋ.

ಆ ಗೆರೆ ಎಳೆದವರ ಹಾಗೆ ಓದಿದ ಒಬ್ಬರು ಕೊನೆಗೆ ತಾವೇ ಬರೆದರು ಎಂದು ಭಾವಿಸಿಕೊಂಡರೆ ನನಗೆ ಎಂ.ಕೆ. ಇಂದಿರಾ ನೆನಪಾಗುತ್ತಾರೆ. ಚಿಕ್ಕ ವಯಸ್ಸಿಗೇ ಮದುವೆ, ಶಾಲೆಯ ಓದು ಅಲ್ಲಿಗೇ ನಿಂತಿತು. ಕಾದಂಬರಿಕಾರ್ತಿಯಾಗಿದ್ದು ನಲವತ್ತೈದರ ಆಸುಪಾಸಿನಲ್ಲಿ. 'ತುಂಗಭದ್ರ' ಬಂದದ್ದು 1963ರಲ್ಲಿ, 'ಫಣಿಯಮ್ಮ' 1976ರಲ್ಲಿ. ತಡವಾಗಿ ಶುರು ಮಾಡಿದರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಡುಗೆಮನೆಯ ಮಾತು, ಅಜ್ಜಿಯರ ಕಥೆ, ಹೇಳದೆ ನುಂಗಿದ್ದು, ಇವನ್ನೆಲ್ಲ ಕೇಳಿಸಿಕೊಳ್ಳುತ್ತ ಇದ್ದ ಅಷ್ಟೂ ವರ್ಷ ಆ ಪುಸ್ತಕಗಳ ಕೆಲಸ ನಡೆದೇ ಇತ್ತು, ಕಾಗದದ ಮೇಲೆ ಕಾಣುತ್ತಿರಲಿಲ್ಲ ಅಷ್ಟೆ. 'ತುಂಗಭದ್ರ' ಬಂದ ಅದೇ 1963ರಲ್ಲಿ ತ್ರಿವೇಣಿ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಇಬ್ಬರಲ್ಲಿ ಯಾರ ದಾರಿ ಸರಿ ಎಂದು ಹೊಸಬರು ಕೇಳುತ್ತಾರೆ. ಯಾರಿಗೆ ಎಷ್ಟು ವರ್ಷ ಬರೆದಿದೆ ಎಂದು ಮೊದಲೇ ಗೊತ್ತಿದ್ದರೆ ಆ ಪ್ರಶ್ನೆಗೆ ಉತ್ತರ ಹೇಳಬಹುದಿತ್ತು.

ಅನಂತಮೂರ್ತಿಯವರ 'ಸಂಸ್ಕಾರ'ದ ಹಿನ್ನೆಲೆ ನಿಮಗೆ ಗೊತ್ತಿರಬಹುದು. ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಸಿನಿಮಾ ನೋಡಿದರು, ಕೆಳಗೆ ಇಂಗ್ಲಿಷ್ ಅಕ್ಷರ ಇರಲಿಲ್ಲ, ಸ್ವೀಡಿಷ್ ತಿಳಿಯದು. ಅರ್ಧ ಅರ್ಥವಾಗಿ ಅರ್ಧ ಆಗದೆ ಹೊರಬಂದರು. ಆ ಆಗದೆ ಉಳಿದ ಅರ್ಧವೇ ಮಲೆನಾಡಿನ ಒಂದು ಅಗ್ರಹಾರಕ್ಕೆ ಅವರನ್ನು ವಾಪಸು ಕರೆದೊಯ್ದಿತು ಎಂದು ನಾನು ಅಂದುಕೊಳ್ಳುತ್ತೇನೆ. ಸರಿಯಾಗಿ ಅರ್ಥವಾಗಿದ್ದಿದ್ದರೆ ಒಂದು ಒಳ್ಳೆಯ ಸಿನಿಮಾ ವಿಮರ್ಶೆ ಬರೆಯುತ್ತಿದ್ದರೋ ಏನೋ.

ಇನ್ನು ಬರೆದಾದ ಮೇಲಿನ ಕೈಗಳು. ಟಾಲ್‌ಸ್ಟಾಯ್‌ ಅವರ ಅಕ್ಷರ ಬೇರೆಯವರಿಗೆ ಓದಲು ಬಾರದ್ದು. 'ಯುದ್ಧ ಮತ್ತು ಶಾಂತಿ'ಯ ಕರಡುಗಳನ್ನು ಹೆಂಡತಿ ಸೋಫಿಯಾ ಮನೆಗೆಲಸ, ಮಕ್ಕಳು ಎಲ್ಲ ಮುಗಿದ ಮೇಲೆ ಕೂತು ಮತ್ತೆ ಮತ್ತೆ ಪ್ರತಿ ಮಾಡಿದರು. ದಾಸ್ತೋಯೆವ್ಸ್ಕಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಾಲದ ಕಷ್ಟದಲ್ಲಿ ಸ್ಟೆಲ್ಲೋವ್ಸ್ಕಿ ಎಂಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದರು: 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವರು ಬರೆದದ್ದನ್ನೆಲ್ಲ ಅವನು ದುಡ್ಡು ಕೊಡದೆ ಅಚ್ಚು ಹಾಕಿಕೊಳ್ಳಬಹುದು. ಅಕ್ಟೋಬರ್ ಬಂದರೂ ಒಂದು ಸಾಲಿಲ್ಲ. ಶೀಘ್ರಲಿಪಿ ಕಲಿತ ಇಪ್ಪತ್ತರ ಹುಡುಗಿ ಆನಾ ಬಂದಳು. ಇವರು ಹಗಲು ಹೇಳುವುದು, ಅವಳು ಮನೆಗೆ ಹೋಗಿ ಸಾಪಾಗಿ ಬರೆದು ತರುವುದು. ಇಪ್ಪತ್ತಾರು ದಿನಕ್ಕೆ 'ಜೂಜುಗಾರ' ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲಿಲ್ಲ! ಕೊನೆಗೆ ಪೊಲೀಸರ ಹತ್ತಿರ ಹಸ್ತಪ್ರತಿ ಇಟ್ಟು ರಸೀದಿ ಪಡೆದರು. ಮುಂದಿನ ಫೆಬ್ರವರಿಯಲ್ಲಿ ಇಬ್ಬರಿಗೂ ಮದುವೆಯಾಯಿತು. ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಆಮೇಲಿನದು. 1873ರಲ್ಲಿ ಆನಾ ಗಂಡನ ಕಾದಂಬರಿಯನ್ನು ತಾವೇ ಅಚ್ಚು ಹಾಕಿಸಿ, ಮನೆಯಿಂದಲೇ ಅಂಗಡಿಯವರಿಗೆ ಮಾರಲು ಶುರು ಮಾಡಿದರು. ಕಮಿಷನ್ ಚೌಕಾಸಿ ಕೂಡ ಅವರದ್ದೇ. ಗಳಗನಾಥರ ಗಂಟು ರಷ್ಯಾದಲ್ಲಿ ಹೆಂಗಸೊಬ್ಬರು ಹೊತ್ತಿದ್ದರು.

ನನ್ನ ಮೊದಲ ಕಾದಂಬರಿ ಅಚ್ಚಾದದ್ದು ಮೊಳೆಯ ಕಾಲದಲ್ಲಿ. ಚಿಕ್ಕವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸೀಸದ ಒಂದೊಂದು ಮೊಳೆಯ ತುದಿಗೆ ತಿರುಗುಮುರುಗಾದ ಒಂದೊಂದು ಅಕ್ಷರ, ಮೊಳೆ ಜೋಡಿಸುವವರು ಖಾನೆಗಳಿಂದ ಅವನ್ನು ಹೆಕ್ಕಿ ಸಾಲು ಕಟ್ಟಬೇಕು. ಇಂಗ್ಲಿಷಿಗಾದರೆ ಖಾನೆ ಕಡಿಮೆ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಆ ಮನುಷ್ಯ ಒಂದು ಪುಟಕ್ಕೆ ಎಷ್ಟು ಸಲ ಕೈ ಚಾಚಬೇಕು ಲೆಕ್ಕ ಹಾಕಿ. ಹದಿನಾರು ಪುಟದ ಒಂದು ಫಾರಂ ಅಚ್ಚಾದ ಕೂಡಲೇ ಮೊಳೆ ಬಿಚ್ಚಿ ಖಾನೆಗೆ ಹಾಕುತ್ತಿದ್ದರು, ಮುಂದಿನ ಫಾರಂಗೆ ಮೊಳೆ ಬೇಕಲ್ಲ. ನಾನು ಪ್ರೂಫ್ ನೋಡಲು ಹೋದ ಒಂದು ಸಂಜೆ ಆ ಕಂಪೋಸಿಟರ್ ಕೈ ಒರೆಸಿಕೊಳ್ಳುತ್ತ ಬಂದರು. "ಸಾರ್, ತಪ್ಪು ತಿಳಿಯಬೇಡಿ, ಮೂರನೇ ಅಧ್ಯಾಯದಲ್ಲಿ ಕಾವೇರಮ್ಮ ತೀರಿಕೊಂಡರು. ಒಂಬತ್ತನೆಯದರಲ್ಲಿ ಬಾವಿಯಿಂದ ನೀರು ಸೇದುತ್ತಿದ್ದಾರೆ. ಹಾಗೇ ಇರಲಾ?"

ಎರಡು ವರ್ಷ ತಿದ್ದಿದವನು ನಾನು. ಓದಿದ ಗೆಳೆಯರು ಮೂವರು, ಅವರಲ್ಲೊಬ್ಬರು ಅಧ್ಯಾಪಕರು. ಯಾರ ಕಣ್ಣಿಗೂ ಬೀಳದ್ದು, ಅಕ್ಷರಗಳನ್ನು ತಲೆಕೆಳಗಾಗಿ ಓದುವವರ ಕಣ್ಣಿಗೆ ಬಿದ್ದಿತ್ತು. ಮೂರನೇ ಅಧ್ಯಾಯದ ಮೊಳೆ ಆಗಲೇ ಬಿಚ್ಚಿಹೋಗಿದೆ, ಫಾರಂ ಅಚ್ಚಾಗಿ ಮೂಲೆಯಲ್ಲಿ ಕೂತಿದೆ, ಕಾವೇರಮ್ಮನನ್ನು ಬದುಕಿಸುವ ದಾರಿ ಇಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಒಂಬತ್ತನೇ ಅಧ್ಯಾಯದಲ್ಲಿ ಅವಳಿಗೆ ಒಬ್ಬ ತಂಗಿಯನ್ನು ಹುಟ್ಟಿಸಿದೆ. ನೀರು ಸೇದಿದ್ದು ತಂಗಿ. ನೀರು ಸೇದಿ ಸುಮ್ಮನೆ ಹೋಗುವ ಹಾಗಿಲ್ಲ, ಅಕ್ಕನ ಬಗ್ಗೆ ಒಂದು ಮಾತಾಡಲೇಬೇಕು, ಆಡಿದಳು. ಆ ಪುಸ್ತಕದ ಬಗ್ಗೆ ಇವತ್ತಿಗೂ ಕಾಗದ ಬರೆಯುವವರು ಮೆಚ್ಚಿಕೊಳ್ಳುವುದು ಆ ತಂಗಿಯನ್ನೇ. ಕಂಪೋಸಿಟರ್ ಈಗಿಲ್ಲ. ಪುಸ್ತಕದಲ್ಲಿ ಅವರ ಹೆಸರನ್ನು ನಾನು ಹಾಕಿರಲಿಲ್ಲ, ಆಗ ಹೊಳೆಯಲೇ ಇಲ್ಲ.

ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದವರು. ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು, ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ನಿಲ್ಲಬೇಕೆಂದು ಹಟ ಹಿಡಿದವರು. ಧಾರವಾಡದ ಒಂದು ಅಟ್ಟದ ಮೇಲೆ ಜಿ.ಬಿ. ಜೋಶಿಯವರು 1933ರಿಂದ ಮನೋಹರ ಗ್ರಂಥಮಾಲೆ ನಡೆಸಿದರು, ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು. ಪುಸ್ತಕ ಬರುವ ಮೊದಲೇ ದುಡ್ಡು ಕೊಡುವ ಓದುಗ! ಇವರೆಲ್ಲರ ಪುಸ್ತಕಪ್ರೀತಿಯಲ್ಲಿ ಮಸಿ, ಸುತ್ತುವ ದಾರ, ಅಂಚೆ ಚೀಟಿ ಎಲ್ಲ ಇತ್ತು. ನಾನು ಬರೀ ಪುಸ್ತಕದ ವಾಸನೆ ಇಷ್ಟ ಎನ್ನುವವರನ್ನು ಸ್ವಲ್ಪ ಅನುಮಾನದಿಂದ ನೋಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈಗ ಏನು ಬರೆಯುತ್ತಿದ್ದೀರಿ ಎಂದು ಆಗಲೇ ಮುಂದಿನ ಸಾಲಿನವರು ಕೇಳಿದರು, ಆಮೇಲೆ ಹೇಳುತ್ತೇನೆ ಎಂದಿದ್ದೆ. ಒಬ್ಬ ಮನುಷ್ಯ ಹನ್ನೆರಡು ವರ್ಷದ ಮೇಲೆ ಅಣ್ಣನ ಮನೆಗೆ ಬಂದಿದ್ದಾನೆ. ಚಪ್ಪಲಿ ಬಿಟ್ಟಿದ್ದಾನೆ. ಹೊಸಿಲಿನ ಹೊರಗೆ ನಿಂತಿದ್ದಾನೆ. ಒಳಗೆ ಅತ್ತಿಗೆ ಇದ್ದಾಳೆ, ಅವಳಿಗೆ ಅವನು ಬಂದದ್ದು ಗೊತ್ತಾಗಿದೆ, ಕರೆದಿಲ್ಲ. ಎರಡು ತಿಂಗಳಿಂದ ಅವನು ಅಲ್ಲೇ ನಿಂತಿದ್ದಾನೆ. "ಅಷ್ಟರಲ್ಲಿ ಅಣ್ಣ ಬಂದನು" ಎಂದು ಬರೆದರೆ ಎಲ್ಲ ಸಲೀಸು, ಆದರೆ ಈ ಪುಸ್ತಕದಲ್ಲಿ ಆಗಲೇ ಎರಡು ಸಲ ಬರೆದಾಗಿದೆ. ನಾಳೆ ಬೆಳಿಗ್ಗೆ ಐದೂವರೆಗೆ ಮತ್ತೆ ಕೂತು ನೋಡಬೇಕು.